ಗುಜರಿಗೆ ಬಿದ್ದ ಗರಗಸ

ಕಾಫಿ ಸೀಮೆಯ ಯಾವ ಪೇಟೆಗೆ ಹೋದರೂ ಬಸ್‌ಸ್ಟ್ಯಾಂಡಿನ ಹಿಂದೆಯೋ ಸಂತೆಮಾಳದ ಪಕ್ಕದಲ್ಲೋ ಒಂದು ಗುಜರಿ ಅಂಗಡಿ ಇದ್ದೇ ಇರುತ್ತದೆ. ತೂತುಬಿದ್ದ ಹಂಡೆ, ಪಲ್ಪರಿನ ತಗಡು, ಔಷಧಿ ಹೊಡೆಯುವ ಪಂಪು, ಚಕ್ರವಿಲ್ಲದ ಸೈಕಲ್ಲು ಎಲ್ಲ ಅಲ್ಲಿ ಒಂದೇ ರಾಶಿ. ಈಚೀಚೆಗೆ ಆ ರಾಶಿಯೊಳಗೆ ಚೈನ್‌ಸಾಗಳೂ ಕಾಣತೊಡಗಿವೆ. ನಮ್ಮ ಕಡೆ ಅದಕ್ಕೆ ಮರ ಕೊಯ್ಯುವ ಮಿಷನ್ ಎನ್ನುವವರೇ ಹೆಚ್ಚು. ಚೈನು ಓಡುವ ಬಾರ್ ಇಲ್ಲದ್ದು, ಹಗ್ಗ ಕಿತ್ತುಹೋದದ್ದು, ಹಿಡಿಕೆ ಬಿರುಕುಬಿಟ್ಟದ್ದು, ಬಣ್ಣವೇ ಗೊತ್ತಾಗದಷ್ಟು ಎಣ್ಣೆಜಿಡ್ಡು ಮೆತ್ತಿಕೊಂಡದ್ದು. ಅಂಥದೊಂದು ಕಣ್ಣಿಗೆ ಬಿದ್ದರೆ ನನಗೆ ಮುಂದಕ್ಕೆ ಕಾಲು ಏಳುವುದಿಲ್ಲ.

ಇಷ್ಟು ವರ್ಷ ಇವನ್ನು ಬಿಚ್ಚಿ ಜೋಡಿಸಿದ ಮೇಲೆ ಒಂದು ಮಾತನ್ನು ಧೈರ್ಯವಾಗಿ ಹೇಳಬಲ್ಲೆ. ಗುಜರಿಗೆ ಬಿದ್ದ ಮಿಷನ್‌ಗಳಲ್ಲಿ ಬಹುಪಾಲಿನವಕ್ಕೆ ಇನ್ನೂ ಆಯುಸ್ಸು ತೀರಿರುವುದಿಲ್ಲ. ಕ್ರ್ಯಾಂಕು, ಬೇರಿಂಗು, ಸಿಲಿಂಡರು ಗಟ್ಟಿಯಾಗಿಯೇ ಇರುತ್ತವೆ. ಕೆಟ್ಟಿರುವುದು ಒಳಗಿನ ಒಂದು ಚೂರು ರಬ್ಬರು, ಇಲ್ಲವೇ ಟ್ಯಾಂಕಿನಲ್ಲಿ ಉಳಿದುಹೋದ ಪೆಟ್ರೋಲು. ಮಳೆಗಾಲ ಮುಗಿಸಿ ಹೊರತೆಗೆದಾಗ ಹಗ್ಗ ಎಳೆದೆಳೆದು ತೋಳು ಸೋತ ಯಜಮಾನರು ‘ಇದರ ಕತೆ ಮುಗೀತು’ ಎಂದು ಕೊಟ್ಟಿಗೆಯ ಮೂಲೆಗೆ ಹಾಕುತ್ತಾರೆ. ಮೂಲೆಯಿಂದ ಗುಜರಿಗೆ ಹೋಗಲು ಹೊಸ ಮಿಷನ್ ಬರುವಷ್ಟೇ ಹೊತ್ತು.

‘ಇದ್ರಲ್ಲಿ ಏನಿದೆ ಸಾರ್, ಅಲ್ಯೂಮಿನಿಯಂ ರೇಟಿಗೆ ಹಾಕ್ಕೊಡ್ತೀನಿ, ತಗೊಂಡ್ಹೋಗಿ’ ಎನ್ನುತ್ತಾರೆ ಅಂಗಡಿಯ ಸಾಬರು. ನಾನು ‘ಸಾಬ್ರೇ, ಇದರ ಸ್ಟಾರ್ಟರ್ ಮುಚ್ಚಳ ಎಲ್ಲಿ?’ ಎಂದು ರಾಶಿ ಕೆದಕುತ್ತೇನೆ. ‘ಅದು ನಿನ್ನೆ ಲಾರಿಗೆ ಹೋಯ್ತಲ್ಲ!’ ಎನ್ನುವ ಉತ್ತರ ಬಂದ ದಿನ ನನಗೆ ಊಟ ರುಚಿಸುವುದಿಲ್ಲ. ಹಳೆಯ ಮಾಡೆಲ್ಲಿನ ಮುಚ್ಚಳ ಕಳೆದರೆ ಇನ್ನೊಂದು ಸಿಕ್ಕುವುದು ಇನ್ನೊಂದು ಮಿಷನ್ ಗುಜರಿಗೆ ಬಿದ್ದಾಗಲೇ. ಅಂದಹಾಗೆ, ಹಳೆಯ ಒಳ್ಳೆಯ ಗರಗಸಗಳ ಮೈ ಬರೀ ಅಲ್ಯೂಮಿನಿಯಂ ಅಲ್ಲ, ಅವುಗಳಲ್ಲಿ ಮೆಗ್ನೀಸಿಯಂ ಬೆರಕೆಯ ಎರಕವೇ ಹೆಚ್ಚು. ಕೈಗೆ ಹಗುರ, ಮಳೆಗೆ ಬಿಟ್ಟರೆ ಮೈಮೇಲೆ ಬಿಳಿ ಬೂಷ್ಟಿನಂಥ ಪುಡಿ ಏಳುತ್ತದೆ. ಅದರ ಹುಡಿಗೆ ಬೆಂಕಿ ತಗುಲಿದರೆ ಕಣ್ಣು ಕೋರೈಸುವ ಬೆಳ್ಳನೆಯ ಉರಿ. ನೀರು ಎರಚಿದರೆ ಇನ್ನೂ ಜೋರಾಗುತ್ತದೆ. ಆದ್ದರಿಂದ ಅದನ್ನು ಗ್ರೈಂಡರಿಗೆ ಕೊಡಬಾರದು, ಬ್ರಷ್ಷಿನಲ್ಲೇ ಉಜ್ಜಬೇಕು.

ತಂದ ಗರಗಸಕ್ಕೆ ನಾನು ಮಾಡುವ ಮೊದಲ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಪ್ಲಗ್ ಬಿಗಿಯಾಗಿಯೇ ಇರಲಿ, ಸ್ಟಾರ್ಟರ್ ಹಗ್ಗದ ಹಿಡಿಯನ್ನಷ್ಟೇ ಹಿಡಿದು ಇಡೀ ಮಿಷನನ್ನು ನೇತುಬಿಡಬೇಕು. ಹಗ್ಗ ಸರ್ರನೆ ಬಿಚ್ಚಿಕೊಂಡು ಮಿಷನ್ ಕೆಳಗಿಳಿದರೆ ಒಳಗೆ ಒತ್ತಡ ಹಿಡಿಯುತ್ತಿಲ್ಲ ಎಂದರ್ಥ. ತಡೆದು ತಡೆದು, ಒಂದೊಂದು ಸುತ್ತಿಗೂ ನಿಂತು ಇಳಿದರೆ ನನಗೆ ಅರ್ಧ ಜೀವ ಬಂದಂತೆ. ಆಮೇಲೆ ಸೈಲೆನ್ಸರ್ ಬಿಚ್ಚಿ ಆ ಕಿಂಡಿಯಿಂದ ಟಾರ್ಚು ಬಿಟ್ಟು ಪಿಸ್ಟನ್ ನೋಡುತ್ತೇನೆ. ಈ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಗಳಿಗೆ ಇದು. ಪಿಸ್ಟನ್ನಿನ ಪಕ್ಕೆ ನುಣುಪಾಗಿ, ಫ್ಯಾಕ್ಟರಿಯ ಎಳೆಗೆರೆಗಳು ಇನ್ನೂ ಅಡ್ಡಡ್ಡಲಾಗಿ ಕಾಣುತ್ತಿದ್ದರೆ ಆ ಮಿಷನ್ನಿಗೆ ಹೆಚ್ಚೇನೂ ಆಗಿಲ್ಲ. ಉದ್ದುದ್ದಕ್ಕೆ ಗೀರುಬಿದ್ದಿದ್ದರೆ ಯಾರೋ ಎಣ್ಣೆ ಬೆರೆಸದ ಬರೀ ಪೆಟ್ರೋಲು ಹಾಕಿದ್ದಾರೆ, ಇಲ್ಲವೇ ಎಲ್ಲೋ ಒಂದು ಸೀಲು ಸೋರಿ ಗಾಳಿ ಹೆಚ್ಚು ಎಳೆದುಕೊಂಡಿದೆ.

ಒಮ್ಮೆ ಸಿಕ್ಕ ಕಿತ್ತಳೆ ಬಣ್ಣದ ಒಂದು ಗರಗಸದ ಸೈಲೆನ್ಸರಿನ ಬಾಯಿಯನ್ನು ಕುಂಬಾರಹುಳ ಮಣ್ಣಿನಿಂದ ಮುಚ್ಚಿತ್ತು. ಗೂಡನ್ನು ಸ್ಕ್ರೂಡ್ರೈವರಿನ ತುದಿಯಿಂದ ಬಿಡಿಸಿದೆ. ಅದರ ಹಿಂದೆ ಕಿಡಿ ಹೊರಗೆ ಹಾರದಂತೆ ತಡೆಯುವ ಸಣ್ಣ ಜಾಲರಿ ಇತ್ತು. ಗಾಳಿಯೂ ನುಸುಳದಷ್ಟು ಮಸಿ ಅದರ ಕಣ್ಣುಗಳಲ್ಲಿ ಕಟ್ಟಿಕೊಂಡಿತ್ತು. ಜಾಲರಿಯನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸ್ ಒಲೆಯ ಉರಿಗೆ ಒಡ್ಡಿದೆ. ಮಸಿ ಕೆಂಪಾಗಿ ಉರಿದು ಬೂದಿಯಾಯಿತು. ತಂತಿ ಬ್ರಷ್ಷಿನಲ್ಲಿ ಉಜ್ಜಿ ಕೂರಿಸಿ, ಹೊಸ ಪೆಟ್ರೋಲು ಹಾಕಿ ಎಳೆದರೆ ಹೊತ್ತಿಕೊಂಡಿತು. ಮಿಷನ್ನಿಗೆ ಆಗಿದ್ದು ಅಷ್ಟೇ, ಉಸಿರು ಹೊರಗೆ ಹೋಗಲು ದಾರಿ ಇರಲಿಲ್ಲ. ಅದನ್ನು ಎಸೆದವರಿಗೆ ಒಬ್ಬರಾದರೂ ಈ ಜಾಲರಿಯ ವಿಷಯ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಇವತ್ತಿಗೂ ಅನಿಸುತ್ತದೆ.

ಆದರೆ ಹೆಚ್ಚಿನ ಗರಗಸಗಳ ಕಾಯಿಲೆ ಇರುವುದು ಕಾರ್ಬೋರೇಟರಿನಲ್ಲಿ. ಬೈಕಿನ ಕಾರ್ಬೋರೇಟರಿನಲ್ಲಿ ತೇಲುಬುಂಡೆ ಇರುತ್ತದೆ, ಗಾಡಿ ನೆಟ್ಟಗೆ ನಿಂತಿದ್ದರೆ ಮಾತ್ರ ಅದರ ಕೆಲಸ. ಗರಗಸವನ್ನು ಅಡ್ಡ ಹಿಡಿಯಬೇಕು, ತಲೆಕೆಳಗೂ ಮಾಡಬೇಕು. ಬಹಳ ಹಿಂದಿನ ಮಿಷನ್‌ಗಳಲ್ಲಿ ತೇಲುಬುಂಡೆಯೇ ಇದ್ದುದರಿಂದ ಎಂಜಿನನ್ನು ನೆಟ್ಟಗೆ ಇಟ್ಟುಕೊಂಡು ಬಾರನ್ನಷ್ಟೇ ತಿರುಗಿಸುವ ಏರ್ಪಾಡು ಮಾಡಿದ್ದರು. ಆ ಕಷ್ಟವನ್ನು ಕಳೆದದ್ದು ಡಯಾಫ್ರಾಮ್, ಅಂದರೆ ರೂಪಾಯಿ ನಾಣ್ಯದಷ್ಟಗಲದ ಒಂದು ತೆಳು ರಬ್ಬರ್ ಬಿಲ್ಲೆ. ಪಿಸ್ಟನ್ ಮೇಲೆ ಕೆಳಗೆ ಆಡುವಾಗ ಅದರ ಕೆಳಗಿನ ಕೋಣೆಯಲ್ಲಿ ಗಾಳಿಯ ಮಿಡಿತ ಹುಟ್ಟುತ್ತದೆ. ಸಣ್ಣದೊಂದು ರಂಧ್ರದಿಂದ ಬರುವ ಆ ಮಿಡಿತವೇ ಇನ್ನೊಂದು ಬಿಲ್ಲೆಯನ್ನು ಕುಣಿಸಿ ಟ್ಯಾಂಕಿನಿಂದ ಪೆಟ್ರೋಲು ಎಳೆಯುತ್ತದೆ. ಬೇರೆ ಪಂಪೇ ಬೇಡ. ಎಷ್ಟು ಸಲ ಬಿಚ್ಚಿದರೂ ನನಗೆ ಈ ಜಾಣತನದ ಮೇಲಿನ ಬೆರಗು ಹೋಗಿಲ್ಲ.

ಆ ಬಿಲ್ಲೆ ಹಪ್ಪಳದಂತೆ ಗರಿಗಟ್ಟಿದರೆ ಮಿಷನ್ ಮೂಲೆಗೆ ಬಿದ್ದಂತೆಯೇ. ಗರಿಗಟ್ಟಿಸುವುದು ಹಳಸಿದ ಪೆಟ್ರೋಲು, ಅದರಲ್ಲೂ ಎಥನಾಲ್ ಬೆರೆತದ್ದು. ಶೇಕಡಾ 20 ಎಥನಾಲಿನ ಪೆಟ್ರೋಲನ್ನು ನಮ್ಮ ದೇಶದ ಬಂಕುಗಳಿಗೆ ಬಿಡುಗಡೆ ಮಾಡಿದ್ದು 2023ರ ಫೆಬ್ರವರಿಯಲ್ಲಿ, ಅದೂ ನಮ್ಮ ಬೆಂಗಳೂರಿನ ಸಮಾರಂಭದಲ್ಲೇ. ದಿನಾ ಓಡುವ ಗಾಡಿಯ ಮಾತು ಬೇರೆ. ಗರಗಸ ತಿಂಗಳುಗಟ್ಟಲೆ ಸುಮ್ಮನಿರುವ ಯಂತ್ರ, ಮಲೆನಾಡಿನ ಗಾಳಿಯಲ್ಲೇ ನೀರು. ಎಥನಾಲ್ ಆ ತೇವವನ್ನು ಹೀರಿಕೊಂಡು, ಒಂದು ಹಂತ ದಾಟಿದ ಮೇಲೆ ನೀರಿನೊಡನೆ ಬೇರೆಯಾಗಿ ತಳಕ್ಕೆ ಇಳಿಯುತ್ತದೆ. ಎಂಜಿನ್ನಿಗೆ ಬೇಕಾದ ಟೂ ಸ್ಟ್ರೋಕ್ ಎಣ್ಣೆ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಟ್ಯಾಂಕಿನೊಳಗಿನ ಫಿಲ್ಟರು ಬಿದ್ದಿರುವುದು ತಳದಲ್ಲಿ. ಹಾಗಾಗಿ ಎಂಜಿನ್ ಮೊದಲು ಕುಡಿಯುವುದೇ ಎಣ್ಣೆಯಿಲ್ಲದ ಆ ನೀರುಮದ್ದನ್ನು. ಪಿಸ್ಟನ್ನಿನ ಗೀರುಗಳಲ್ಲಿ ಎಷ್ಟೋ ಹುಟ್ಟುವುದು ಹೀಗೆ. ಲೀಟರಿಗೆ 20 ಮಿಲಿ ಎಣ್ಣೆ ಎಂದು ಡಬ್ಬಿಯ ಮೇಲೆ ಬರೆದದ್ದನ್ನು ಕಣ್ಣಿಗೊತ್ತಿಕೊಂಡು ಪಾಲಿಸಿದವರ ಮಿಷನ್ನೂ ಕೆಟ್ಟು ಕೂರುವುದು ಇದರಿಂದಲೇ. ಬೆರೆಸಿದ ಪೆಟ್ರೋಲನ್ನು ಒಂದು ತಿಂಗಳಿಗಿಂತ ಹೆಚ್ಚು ಇಡಬೇಡಿ. ಎತ್ತಿಡುವ ಮುಂಚೆ ಟ್ಯಾಂಕು ಬರಿದುಮಾಡಿ, ತಾನಾಗಿ ನಿಲ್ಲುವ ತನಕ ಮಿಷನ್ ಓಡಿಸಿ. ಗುಜರಿಯ ರಾಶಿ ಅರ್ಧ ಕರಗುತ್ತದೆ.

ಇಷ್ಟು ಜತನ ಕೇಳುವ ಈ ಯಂತ್ರ ಹುಟ್ಟಿದ್ದು ಮರಕ್ಕಾಗಿಯೇ ಅಲ್ಲ. ಹಲ್ಲಿನ ಸರಪಣಿಯೊಂದು ಅಲಗಿನ ಸುತ್ತ ಓಡುವ ಉಪಾಯವನ್ನು 1830ರಲ್ಲಿ ಮಾಡಿದವರು ಜರ್ಮನಿಯ ಬರ್ನ್‌ಹಾರ್ಡ್ ಹೈನೆ ಎಂಬ ವೈದ್ಯರು. ಮೂಳೆ ಕತ್ತರಿಸಲು, ಕೈಯಲ್ಲಿ ತಿರುಗಿಸುವ ಹಿಡಿಕೆಯೊಡನೆ. ಪೆಟ್ರೋಲಿನ ಮರಗರಗಸ 1927ರಲ್ಲಿ ಎಮಿಲ್ ಲೆರ್ಪ್ ಅವರಿಂದ ಬಂತು. ಅದನ್ನು ಪರೀಕ್ಷಿಸಿದ ಡೋಲ್ಮಾರ್ ಎಂಬ ಬೆಟ್ಟದ ಹೆಸರೇ ಅವರ ಕಂಪನಿಗೂ ಬಂತು. ಆ ಗರಗಸದ ತೂಕ 58 ಕಿಲೋ, ಹಿಡಿಯಲು ಇಬ್ಬರು ಬೇಕು. ಒಬ್ಬನೇ ಹೊತ್ತು ಕೊಯ್ಯುವ ಹಗುರ ಗರಗಸಗಳಲ್ಲಿ ಹೆಸರು ಮಾಡಿದ್ದು ಅಮೆರಿಕದ ಮೆಕಲಕ್ ಕಂಪನಿ 1949ರಲ್ಲಿ ತಂದದ್ದು, 25 ಪೌಂಡ್, ಅಂದರೆ 11 ಕಿಲೋ ಚಿಲ್ಲರೆ. ಆ ಗರಗಸದ ದುಡ್ಡಿನಲ್ಲಿ ರಾಬರ್ಟ್ ಮೆಕಲಕ್ ಅರಿಜೋನದ ಮರುಭೂಮಿಯಲ್ಲಿ ಒಂದು ಊರು ಕಟ್ಟಿಸಿದರು. ಆ ಊರಿಗೆ ಆಕರ್ಷಣೆ ಬೇಕೆಂದು 1968ರಲ್ಲಿ ಲಂಡನ್ನಿನ ಹಳೆಯ ಸೇತುವೆಯನ್ನೇ 24 ಲಕ್ಷ 60 ಸಾವಿರ ಡಾಲರ್ ಕೊಟ್ಟು ಕೊಂಡರು. ಕಲ್ಲುಗಳಿಗೆ ನಂಬರು ಹಾಕಿ ಬಿಚ್ಚಿ, ಸಾಗರ ದಾಟಿಸಿ, 1971ರ ಹೊತ್ತಿಗೆ ಮತ್ತೆ ಜೋಡಿಸಿದ್ದೂ ಆಯಿತು. ಭಾರ ತಾಳದೆ ಕುಸಿಯುತ್ತಿದೆ ಎಂದು ಲಂಡನ್ ಬೇಡವೆಂದ ಸೇತುವೆ ಅದು. ಇಂದಿಗೂ ಅದರ ಮೇಲೆ ಗಾಡಿ ಓಡುತ್ತವೆ. ಮೆಕಲಕ್ ಅವರ ಮೇಲೆ ನನಗೆ ಬಹಳ ಅಭಿಮಾನ.

ಈಗಿನ ಚೈನಿನ ಹಲ್ಲಿನ ಕತೆ ನಮಗೆ ಇನ್ನೂ ಹತ್ತಿರದ್ದು. 1946ರಲ್ಲಿ ಆರೆಗಾನ್ ಕಾಡಿನ ಮರಕಡಿಯುವ ಜೋಸೆಫ್ ಕಾಕ್ಸ್ ಅವರು ಒಂದು ಕೊರಡಿನಲ್ಲಿ ಮರಿಹುಳು ಕೊರೆಯುವುದನ್ನು ನೋಡುತ್ತ ಕೂತರು. ಅದು ಎಡಕ್ಕೂ ಬಲಕ್ಕೂ ದವಡೆ ಆಡಿಸಿ, ಮರದ ನಾರಿನ ಉದ್ದಕ್ಕೂ ಅಡ್ಡಕ್ಕೂ ಸಲೀಸಾಗಿ ಹೋಗುತ್ತಿತ್ತು. ಆ ದವಡೆಯ ಆಕಾರವನ್ನೇ ಉಕ್ಕಿನಲ್ಲಿ ಮಾಡಿ, ಎಡಕ್ಕೊಂದು ಬಲಕ್ಕೊಂದು ಹಲ್ಲು ಕೂರಿಸಿ, ಮರುವರ್ಷ ಚೈನು ಮಾರಾಟಕ್ಕೆ ತಂದರು. ಇಂದು ಜಗತ್ತಿನ ಬಹುತೇಕ ಚೈನುಗಳು ಅದೇ ಕುಲದವು. ಆ ಮರಿಹುಳು ಉದ್ದ ಮೀಸೆಯ ದುಂಬಿಗಳ ವಂಶದ್ದು. ನಮ್ಮ ಅರೇಬಿಕಾ ಗಿಡಗಳನ್ನು ಒಳಗಿಂದೊಳಗೆ ತಿಂದು ಒಣಗಿಸುವ ಬಿಳಿ ಕಾಂಡಕೊರಕವೂ ಅದೇ ವಂಶದ್ದು. ಕಾಂಡ ಸೀಳಿ ಹುಳು ತೆಗೆಯುವಾಗ ಬೆಳೆಗಾರರಿಗೆ ಬರುವುದು ಸಿಟ್ಟು, ಅದು ಸಹಜ. ನಾನೊಂದು ಸಲ ಆ ದವಡೆಯನ್ನು ಭೂತಗನ್ನಡಿಯಲ್ಲಿ ನೋಡಿ, ಪಕ್ಕದಲ್ಲಿ ಚೈನಿನ ಹಲ್ಲನ್ನು ಇಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ.

ಹಲ್ಲಿನ ಮಾತು ಬಂತಲ್ಲ, ಗುಜರಿಯ ಗರಗಸ ಹೊತ್ತಿಕೊಂಡ ಮೇಲೂ ಅರ್ಧ ಕೆಲಸ ಉಳಿದಿರುತ್ತದೆ. ಚೈನು ಸರಿಯಿದ್ದರೆ ದಪ್ಪ ಚಕ್ಕೆ ಉದುರಬೇಕು. ಹಿಟ್ಟಿನಂಥ ಹುಡಿ ಬಂದರೆ ಹಲ್ಲು ಮೊಂಡಾಗಿದೆ. ಮಧ್ಯಮ ಗಾತ್ರದ ಎಷ್ಟೋ ಚೈನುಗಳಿಗೆ 4.8 ಮಿಲಿಮೀಟರಿನ ದುಂಡು ಅರ ಸರಿಹೊಂದುತ್ತದೆ. ಹಲ್ಲಿನ ಒಳಗಿನಿಂದ ಹೊರಕ್ಕೆ, ಒಂದೇ ಕೋನದಲ್ಲಿ, ಪ್ರತಿ ಹಲ್ಲಿಗೂ ಅಷ್ಟಷ್ಟೇ ಸಲ ಅರ ತಳ್ಳಬೇಕು. ಎಡಸಾಲಿನ ಹಲ್ಲು ಉದ್ದ, ಬಲಸಾಲಿನದು ಗಿಡ್ಡ ಆದರೆ ಕೊಯ್ತ ಬಾಗುತ್ತ ಹೋಗುತ್ತದೆ. ಬಾರಿನ ಅಂಚನ್ನು ಉಗುರಿನಲ್ಲಿ ಸವರಿ ನೋಡಿ, ಮುಳ್ಳು ಎದ್ದಿದ್ದರೆ ಚಪ್ಪಟೆ ಅರದಿಂದ ತೆಗೆದು, ಬಾರನ್ನು ಮಗುಚಿ ಹಾಕಿದರೆ ಎರಡೂ ಕಡೆ ಸಮನಾಗಿ ಸವೆಯುತ್ತದೆ.

ಮರ ಪ್ರೀತಿಸುವ ನೀವು ಇದನ್ನೇಕೆ ಬದುಕಿಸುತ್ತೀರಿ ಎಂದು ಕೇಳಿದವರಿದ್ದಾರೆ. ಸರಿಯಾದ ಪ್ರಶ್ನೆಯೇ. ಇಬ್ಬರು ದಿನಗಟ್ಟಲೆ ಎಳೆದು ಬೀಳಿಸುತ್ತಿದ್ದ ಮರವನ್ನು ಈ ಯಂತ್ರ ನಿಮಿಷಗಳಲ್ಲಿ ಬೀಳಿಸುತ್ತದೆ. ಅದರಿಂದ ಆದ ಅನ್ಯಾಯ ನಮ್ಮ ಕಣ್ಣೆದುರಿಗೇ ಇದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇರುವುದು ಕಡಿಯುವ ಕೈಯನ್ನು ತಡೆಯಲು. ಅದನ್ನು ಇನ್ನೂ ಬಿಗಿಯಾಗಿ ಜಾರಿಗೆ ತರಬೇಕು ಎಂಬುದೇ ನನ್ನ ನಿಲುವು. ಆದರೆ ಮುಂಗಾರಿಗೆ ಮುಂಚೆ ತೋಟದ ಮರಗಸಿ ಆಗಲೇಬೇಕು, ನೆರಳು ತೆಳುವಾಗದೆ ಕಾಫಿ ಉಳಿಯುವುದಿಲ್ಲ. ಜುಲೈನ ಗಾಳಿಗೆ ಘಾಟಿಯಲ್ಲಿ ಅಡ್ಡಬಿದ್ದ ಮರವನ್ನು ಯಾರಾದರೂ ತೆರವು ಮಾಡಲೇಬೇಕು, ಇಲ್ಲದಿದ್ದರೆ ಹೆರಿಗೆಗೆ ಹೊರಟ ಜೀಪು ಅಲ್ಲೇ ನಿಲ್ಲುತ್ತದೆ. ನಮ್ಮ ಕಡೆ ಆ ಕೆಲಸಕ್ಕೆ ಮೊದಲು ಓಡಿ ಬರುವವರು ಊರಿನ ಹುಡುಗರು. ನಾನು ಸರಿಮಾಡಿದ ಗರಗಸಗಳು ಹೆಚ್ಚಾಗಿ ಹೋಗುವುದು ಅವರ ಕೈಗೆ.

ಕೊಡುವ ಮುಂಚೆ ಒಂದು ವಿಷಯದಲ್ಲಿ ನಾನು ಜಗ್ಗುವುದಿಲ್ಲ, ಅದು ಚೈನ್ ಬ್ರೇಕ್. ಬಾರಿನ ಮೂತಿಯ ಮೇಲುಭಾಗ ಗಟ್ಟಿ ಮರಕ್ಕೆ ತಾಗಿದರೆ ಗರಗಸ ಕಣ್ಣು ಮಿಟುಕಿಸುವುದರೊಳಗೆ ಹಿಡಿದವನ ಮುಖದತ್ತ ಚಿಮ್ಮುತ್ತದೆ. ಆಗ ಮುಂದಿನ ಕಾವಲುಹಿಡಿ ಕೈಗೆ ತಾಗಿ ಚೈನು ನಿಲ್ಲಬೇಕು. ಬಹಳ ಹಳೆಯ ಮಿಷನ್‌ಗಳಲ್ಲಿ ಈ ಬ್ರೇಕೇ ಇಲ್ಲ. ಅವು ಎಷ್ಟು ಚೆನ್ನಾಗಿ ಓಡಿದರೂ ನನ್ನ ಕಪಾಟಿನಲ್ಲೇ ಇರುತ್ತವೆ, ಯಾರು ಕೇಳಿದರೂ ಕೊಡುವುದಿಲ್ಲ. ಕಳೆದ ಮಳೆಗಾಲಕ್ಕೆ ಮುಂಚೆ ಪಕ್ಕದೂರಿನ ಹುಡುಗನೊಬ್ಬ ಬಂದು ಅಂಥದೇ ಒಂದರ ಮೇಲೆ ಕಣ್ಣಿಟ್ಟ. ‘ಎಂಥ ಸೌಂಡು ಮಾರಾಯ್ರೆ, ಇದನ್ನೇ ಕೊಡಿ’ ಎಂದ. ‘ಅದು ಬೇಡ ಮಾರಾಯ, ಈ ಕಿತ್ತಳೆ ಬಣ್ಣದ್ದು ತಗೊ’ ಎಂದೆ. ಬ್ರೇಕ್ ಹೇಗೆ ಹಿಡಿಯುತ್ತದೆ ಎಂದು ತೋರಿಸಿ, ಸೈಲೆನ್ಸರಿನ ಎರಡು ಸ್ಕ್ರೂಗಳನ್ನು ಅವನ ಕೈಯಿಂದಲೇ ಬಿಚ್ಚಿಸಿ, ಒಳಗಿನ ಜಾಲರಿಯನ್ನು ತೆಗೆಸಿ ಮತ್ತೆ ಹಾಕಿಸಿದೆ. ‘ಇದನ್ನ ಎಷ್ಟು ದಿನಕ್ಕೊಮ್ಮೆ ಸುಡ್ಬೇಕು?’ ಎಂದು ಅವನೇ ಕೇಳಿದ.