ಮಾಮನ ಕಾರು ಊರಿಗೆ ಬಂದದ್ದು



ಕಳೆದ ಮೇ ತಿಂಗಳ ಒಂದು ಭಾನುವಾರ, ಎರಡನೆಯ ಬಲಿಪೂಜೆ ಮುಗಿದ ಮೇಲೆ ನಮ್ಮ ಚರ್ಚ್ ಮೈದಾನದಲ್ಲಿ ಲಾರಿಯಿಂದ ಒಂದು ಕೆಂಪು ಕಾರು ಇಳಿದದ್ದನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಕೈ ಹಾಕಿ ಸಹಾಯ ಮಾಡಿದವರೂ ಇದ್ದೀರಿ. ಪುಣೆಯಿಂದ ಕಾಸರಗೋಡಿಗೆ ಕಾರು ತರಿಸಿದ್ದಕ್ಕೆ ಕೆಲವರು ಇವತ್ತಿಗೂ ನನ್ನನ್ನು ಹೊಗಳುತ್ತಾರೆ. ಆ ಹೊಗಳಿಕೆ ಕೇಳುವಾಗ ನನಗೆ ಮುಜುಗರ ಆಗ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅದು ಸ್ಯಾನ್ ಸ್ಟಾರ್ಮ್. ಹೆಸರು ಕೇಳದವರೇ ಹೆಚ್ಚು. 1998ರಲ್ಲಿ ಮಾರುಕಟ್ಟೆಗೆ ಬಂದ, ಗೋವಾದಲ್ಲಿ ತಯಾರಾಗುತ್ತಿದ್ದ, ಎರಡೇ ಸೀಟಿನ, ಮೇಲಿನ ಹೊದಿಕೆ ಮಡಚಿ ಓಡಿಸಬಹುದಾದ ಸ್ಪೋರ್ಟ್ಸ್ ಕಾರು. ಒಳಗಿರುವುದು ರೆನೋದ 1.2 ಲೀಟರಿನ ಸಣ್ಣ ಎಂಜಿನ್, ಹಾಗಾಗಿ ಓಟಕ್ಕಿಂತ ನೋಟವೇ ಜಾಸ್ತಿ. ಮೈ ತಗಡಿನದ್ದಲ್ಲ, ಫೈಬರಿನದ್ದು. ನನ್ನ ಮಾಮ (ಅಮ್ಮನ ಅಣ್ಣ) ಪುಣೆಯಲ್ಲಿ ಕೆಲಸದಲ್ಲಿದ್ದಾಗ 2001ರಲ್ಲಿ ಅದನ್ನು ಕೊಂಡರು. "ಇಬ್ಬರೇ ಕೂರುವ ಕಾರು ತಂದಿದ್ದೀರಿ, ಮಾರ್ಕೆಟಿನ ಚೀಲ ನನ್ನ ತಲೆ ಮೇಲೆ ಇಡುದಾ?" ಎಂದು ಮಾಮಿ ಬೈದದ್ದು ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಬೈದರೂ ಇಪ್ಪತ್ತು ವರ್ಷ ಎಡಗಡೆಯ ಸೀಟು ಅವರದ್ದೇ ಆಗಿತ್ತು. ಎರಡು ವರ್ಷದ ಹಿಂದೆ ಮಾಮಿ ತೀರಿಹೋದರು. ಮಗಳು ಕೆನಡಾದಲ್ಲಿ. ಮಾಮ ಊರಿಗೆ ಬರುವುದೆಂದು ತೀರ್ಮಾನಿಸಿದರು. ಕಪಾಟು, ಸೋಫಾ ಎಲ್ಲ ಅಲ್ಲೇ ಮಾರಿದರು, ಕಾರು ಮಾತ್ರ ಬಿಡಲಿಲ್ಲ.

ಓಡಿಸಿಕೊಂಡೇ ಬರ್ತೇನೆ ಎಂದು ಹೊರಟವರು ಅವರು. ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ, ಯಲ್ಲಾಪುರದ ಘಾಟಿ ಇಳಿದು ಅಂಕೋಲಾ, ಅಲ್ಲಿಂದ ಕರಾವಳಿಯುದ್ದಕ್ಕೂ ಬಂದರೆ ಸುಮಾರು 800 ಕಿಲೋಮೀಟರ್. ಕಣ್ಣಿನ ಪೊರೆಯ ಆಪರೇಷನ್ ಆದ ಅರವತ್ತೆಂಟು ವರ್ಷದವರನ್ನು ಒಂಟಿಯಾಗಿ ಬಿಡಲು ಮಗಳು ಒಪ್ಪಲಿಲ್ಲ. ಆಗ ನಾನು ದೊಡ್ಡ ಜನ ಆದೆ. "ನೀವು ರೈಲಿನಲ್ಲಿ ಬನ್ನಿ ಮಾಮ. ಕಾರಿನ ವಿಷಯ ನನಗೆ ಬಿಡಿ" ಅಂದೆ.

ಮೂರು ಕಡೆ ದರ ವಿಚಾರಿಸಿದೆ. ಸುತ್ತಲೂ ಮುಚ್ಚಿದ ಕಂಟೇನರ್ ಲಾರಿಗೆ ಒಂದು ದರ, ತೆರೆದ ಲಾರಿಗೆ ಅದಕ್ಕಿಂತ ಕಡಿಮೆ. ಒಬ್ಬ ಮಾತ್ರ ಮುಚ್ಚಿದ ಲಾರಿಯನ್ನೇ ತೆರೆದ ಲಾರಿಯ ದರಕ್ಕೆ ಕೊಡುತ್ತೇನೆ ಅಂದ. ಫೋನಿನಲ್ಲಿ ಬಹಳ ಮರ್ಯಾದೆಯ ಮಾತು. ಅವನದು ಸ್ವಂತ ಲಾರಿಯೇ ಅಲ್ಲ, ಅವನು ಮಧ್ಯವರ್ತಿ ಅಂತ ತಿಳಿದದ್ದು ಆಮೇಲೆ. ಬರಹದಲ್ಲಿ ಏನನ್ನೂ ಪಡೆಯದೆ 5,000 ರೂಪಾಯಿ ಮುಂಗಡ ಕಳಿಸಿದೆ. ಎಷ್ಟು ಉಳಿಸಿದೆ ಎಂದು ಮನೆಯಲ್ಲಿ ಹೇಳಿಕೊಂಡೆ ಕೂಡ.

ಲಾರಿ ಬರುವ ದಿನ ನಾನು ಮಂಗಳೂರಿನಲ್ಲಿ ಲ್ಯಾಬ್ ಕೆಲಸದಲ್ಲಿದ್ದೆ. ಮಾಮನ ಫೋನ್ ಬಂತು.

"ತೆರೆದ ಲಾರಿ ಬಂದಿದೆ ಮಾರಾಯ. ಹಗ್ಗ ಬಾನೆಟ್ ಮೇಲಿಂದ ಹಾಕಿ ಬಿಗಿತಾ ಇದ್ದಾರೆ. ಎಂತ ಮಾಡುದು?"

ಕಾರನ್ನು ಲಾರಿಯಲ್ಲಿ ಕಟ್ಟಬೇಕಾದದ್ದು ಚಕ್ರಗಳಿಂದ. ಟಯರಿನ ಮೇಲೆ ಅಗಲದ ಬೆಲ್ಟ್ ಹಾಯಿಸಿ ಲಾರಿಯ ಹಾಸಿಗೆ ಬಿಗಿಯಬೇಕು, ಚಕ್ರದ ಹಿಂದೆ ಮುಂದೆ ಕಟ್ಟೆ ಕೊಡಬೇಕು. ಮೈಮೇಲೆ ಹಗ್ಗದ ಭಾರ ಬೀಳಲೇಬಾರದು. ತಗಡಾದರೆ ತಗ್ಗು ಬಿದ್ದೀತು, ಫೈಬರ್ ಆದರೆ ಸೀಳುತ್ತದೆ. ಇದು ನನಗೆ ಆ ಕ್ಷಣದಲ್ಲಿ ಗೊತ್ತಿತ್ತು, ಹಿಂದಿನ ವಾರವೇ ಓದಿದ್ದೆ. ಆದರೆ ಲಾರಿ ವಾಪಸು ಕಳಿಸಿದರೆ ಮುಂಗಡ ಹೋಗ್ತದೆ, ಮಾಮನ ರೈಲಿನ ಟಿಕೆಟ್ ಮರುದಿನದ್ದು, ಎಲ್ಲಕ್ಕಿಂತ ಹೆಚ್ಚಾಗಿ ನಾನು ಮೋಸ ಹೋಗಿದ್ದೇನೆ ಅಂತ ಎಲ್ಲರಿಗೂ ಗೊತ್ತಾಗ್ತದೆ.

"ಪರವಾಗಿಲ್ಲ ಮಾಮ, ಎಲ್ಲರೂ ಹಾಗೇ ಕಟ್ಟುದು. ಕಳಿಸಿ" ಅಂದೆ.

"ನೀನು ಹೇಳಿದ ಮೇಲೆ ಸರಿ" ಅಂದರು ಅವರು.

ಕಾರು ಹತ್ತಿಸುವ ಮೊದಲು ನಾಲ್ಕೂ ಬದಿಯ ಫೋಟೋ ತೆಗೆಯಬೇಕು, ಓಡಿದ ಕಿಲೋಮೀಟರ್ ಬರೆದಿಡಬೇಕು, ಎಲ್ಲಿ ಗೀರು ಎಲ್ಲಿ ತಗ್ಗು ಎಂಬ ಪಟ್ಟಿಗೆ ಎರಡೂ ಕಡೆಯವರು ಸಹಿ ಹಾಕಬೇಕು. ಇದ್ಯಾವುದನ್ನೂ ನಾನು ಮಾಮನಿಗೆ ಹೇಳಿರಲಿಲ್ಲ. ಫಾಸ್ಟ್ಯಾಗ್ ತೆಗೆಯಲೂ ಹೇಳಿರಲಿಲ್ಲ. ಕಾರು ಲಾರಿಯ ಮೇಲೆ ಕೂತು ಹೋಗುತ್ತಿತ್ತು, ಟೋಲ್ ಮಾಮನ ಖಾತೆಯಿಂದ ಕಡಿತವಾಗುತ್ತಿತ್ತು! ಡ್ರೈವರನ ಫೋನ್ ಸ್ವಿಚ್ ಆಫ್ ಆಗಿದ್ದ ಒಂದೂವರೆ ದಿನ, ಲಾರಿ ಕೊಲ್ಹಾಪುರದ ಹತ್ತಿರ ಉಂಟು, ಉಡುಪಿ ದಾಟಿತು ಅಂತ ನಮಗೆ ತಿಳಿದದ್ದು ಆ ಮೆಸೇಜುಗಳಿಂದಲೇ.

ನಮ್ಮ ಮನೆಯ ಓಣಿಗೆ ಲಾರಿ ತಿರುಗುವುದಿಲ್ಲ. ಫಾದರ್ ಹತ್ತಿರ ಕೇಳಿ ಚರ್ಚ್ ಮೈದಾನಕ್ಕೆ ತರಿಸಿದೆವು. ಲಾರಿಯ ಹಾಸು ನೆಲದಿಂದ ಒಂದು ಮೀಟರ್ ಎತ್ತರ, ಅವರಲ್ಲಿದ್ದ ಕಬ್ಬಿಣದ ಹಲಗೆ ಎರಡೂವರೆ ಮೀಟರ್ ಉದ್ದ. ಹಾಗೇ ಇಳಿಸಿದ್ದರೆ ಕಾರಿನ ಹೊಟ್ಟೆ ಲಾರಿಯ ಅಂಚಿಗೆ ಉಜ್ಜುತ್ತಿತ್ತು, ಹಿಂದಿನ ಬಂಪರ್ ನೆಲಕ್ಕೆ ಕುಟ್ಟುತ್ತಿತ್ತು. ಆಗ, ಹಿಂದೆ ಲಾರಿ ಓಡಿಸುತ್ತಿದ್ದ ನಮ್ಮ ವಾರ್ಡಿನ ಒಬ್ಬ ಹಿರಿಯರು ಮುಂದೆ ಬಂದರು. "ಲಾರಿಯ ಹಿಂಬದಿಯನ್ನು ದರೆಗೆ ತಾಗಿಸಿ ನಿಲ್ಲಿಸಿ" ಅಂದರು. ಮೈದಾನದ ಮೂಲೆಯಲ್ಲಿ ಅರ್ಧ ಮೀಟರ್ ಎತ್ತರದ ಆ ಮಣ್ಣಿನ ದರೆ ಉಂಟಲ್ಲ, ಅದೇ. ಹಲಗೆಯ ತುದಿ ದರೆಯ ಮೇಲೆ ಕೂತಿತು, ಕಾರು ಸಲೀಸಾಗಿ ಇಳಿಯಿತು. ಇಳಿಜಾರು 24 ಡಿಗ್ರಿಯಿಂದ 12ಕ್ಕಿಂತ ಕೆಳಗೆ ಬಂದಿತ್ತು. ಆ ಲೆಕ್ಕ ನಾನು ಹಾಕಿದ್ದು ರಾತ್ರಿ ಮನೆಗೆ ಹೋದ ಮೇಲೆ. ಬಿಎಸ್ಸಿ ಓದಿದ್ದು ಅಷ್ಟಕ್ಕೆ ಉಪಯೋಗ ಆಯಿತು.

ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಮಾಮ ಚಪ್ಪಾಳೆ ತಟ್ಟಲಿಲ್ಲ. ಎಡಗಡೆಯ ಮುಂದಿನ ಮಡ್‌ಗಾರ್ಡ್ ಹತ್ತಿರ ಬಗ್ಗಿ ಬೆರಳು ಇಟ್ಟರು. ಹಗ್ಗ ಒತ್ತಿದ ಜಾಗದಲ್ಲಿ ಒಂದು ಗೇಣು ಉದ್ದದ ಸೀಳು. ಮಾಮಿ ಕೂರುತ್ತಿದ್ದ ಬದಿ ಅದು.

ಮಧ್ಯವರ್ತಿಗೆ ಫೋನ್ ಮಾಡಿದರೆ "ಅದು ಮೊದಲೇ ಇತ್ತು" ಅಂದ. ಇರಲಿಲ್ಲ ಎಂದು ತೋರಿಸಲು ನಮ್ಮಲ್ಲಿ ಒಂದು ಫೋಟೋ ಇಲ್ಲ. ಪೂರ್ಣ ವಿಮೆ ಇದ್ದಿದ್ದರೆ ಲಾರಿಯಲ್ಲಿ ಸಾಗಿಸುವಾಗ ಆದ ಹಾನಿಗೂ ಅನ್ವಯವಾಗುತ್ತಿತ್ತು, ಆದರೆ ಹಳೆಯ ಕಾರೆಂದು ಮಾಮ ಥರ್ಡ್ ಪಾರ್ಟಿ ವಿಮೆ ಮಾತ್ರ ಮಾಡಿಸಿದ್ದರು. ಸಾಗಾಟಕ್ಕೆ ಪ್ರತ್ಯೇಕ ವಿಮೆ ಮಾಡಿಸುವುದು ನನ್ನ ಕೆಲಸವಾಗಿತ್ತು.

ಆ ರಾತ್ರಿ ಜಗಲಿಯಲ್ಲಿ ಕೂತು ಮಾಮನ ಹತ್ತಿರ ಹೇಳಿದೆ. ಹಗ್ಗ ಹಾಗೆ ಕಟ್ಟಬಾರದು ಎಂದು ನನಗೆ ಗೊತ್ತಿತ್ತು, ಗೊತ್ತಿದ್ದೇ ಕಳಿಸಿ ಅಂದೆ ಅಂತ. ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದರು, "ಗೊತ್ತಿಲ್ಲ ಅಂತ ಹೇಳಿದ್ದರೂ ನಾನು ಇನ್ನೊಬ್ಬರನ್ನು ಕೇಳ್ತಿದ್ದೆ. ನೀನು ಎಲ್ಲರೂ ಹಾಗೇ ಕಟ್ಟುದು ಅಂದೆ." ಅಷ್ಟೇ ಹೇಳಿ ಎದ್ದು ಒಳಗೆ ಹೋದರು. ಬೈದಿದ್ದರೆ ಸುಲಭವಿತ್ತು.

ಸೀಳು ಸರಿಮಾಡಲು ಎರಡು ಗ್ಯಾರೇಜಿನವರು ಒಪ್ಪಲಿಲ್ಲ, ಫೈಬರ್ ನಮ್ಮ ಕೆಲಸ ಅಲ್ಲ ಅಂದರು. ಕೊನೆಗೆ ಹೊಳೆದದ್ದು ಕಡಪ್ಪುರದಲ್ಲಿ ಮೀನುಗಾರರ ಫೈಬರ್ ದೋಣಿ ರಿಪೇರಿ ಮಾಡುವವರು. ಒಬ್ಬರು ಬಂದು ನೋಡಿ ನಕ್ಕರು. ಸೀಳಿನ ಸುತ್ತ ಉಜ್ಜಿ ತೆಳು ಮಾಡಿ, ಒಳಗಿನಿಂದ ಗಾಜಿನ ನೂಲಿನ ಚಾಪೆ ಇಟ್ಟು, ರೆಸಿನ್ ಬಳಿದು, ಒಣಗಿದ ಮೇಲೆ ಮತ್ತೊಂದು ಪದರ ಕೂರಿಸಿದರು. ಎರಡು ಸಂಜೆಯ ಕೆಲಸ. ದುಡ್ಡು ನನ್ನ ಸಂಬಳದಿಂದ ಕೊಟ್ಟೆ, ಮಾಮ ಬೇಡ ಅನ್ನಲಿಲ್ಲ. ಬಣ್ಣ ಮಾತ್ರ ಹೊಂದಲಿಲ್ಲ. ಹತ್ತಿರ ಹೋದರೆ ಕಾಣುತ್ತದೆ.

ಇನ್ನು ಕಾಗದದ ಕೆಲಸ ಬಾಕಿ ಉಂಟು. ಬೇರೆ ರಾಜ್ಯದ ಗಾಡಿ ಇಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇರುವುದಾದರೆ ಇಲ್ಲಿನ ನಂಬರ್ ಪಡೆಯಬೇಕು. ಪುಣೆಯ ಆರ್‌ಟಿಒದಿಂದ ಎನ್‌ಒಸಿ ತಂದದ್ದಾಗಿದೆ, ಇಲ್ಲಿನ ತೆರಿಗೆ ಕಟ್ಟಬೇಕು, ತಪಾಸಣೆಗೆ ಗಾಡಿ ಒಯ್ಯಬೇಕು. ಈ ಸಲ ಪ್ರತಿಯೊಂದು ಕಾಗದದ ಫೋಟೋ ತೆಗೆದು ಮಾಮನಿಗೆ ಕಳಿಸುತ್ತೇನೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತಲೇ ಬರೆಯುತ್ತೇನೆ.

ಕಳೆದ ಶನಿವಾರ ಸಂಜೆ ಮಾಮ ಕಾರು ಹೊರಗೆ ತೆಗೆದರು. ನಾನು ಗೇಟು ತೆರೆದು ಬದಿಗೆ ನಿಂತಿದ್ದೆ. ಕಾರು ನಿಲ್ಲಿಸಿ, ಎಡಗಡೆಯ ಬಾಗಿಲನ್ನು ಒಳಗಿನಿಂದ ತಳ್ಳಿ ತೆರೆದರು.

"ಕೂತ್ಕೋ ಮಾರಾಯ. ಕುಂಬಳೆವರೆಗೆ ಹೋಗಿ ಮೀನು ತರುವ. ಚೀಲ ನಿನ್ನ ಮಡಿಲಲ್ಲಿ."