ಗಲ್ಲಾಪೆಟ್ಟಿಗೆಗೆ ಒಂದೇ ಕೈ

ಪುಣೆಗೆ ಬಂದು ನೆಲೆಸಿದ ಮೇಲೆ ಮಗನ ಕಂಪ್ಯೂಟರ್ ಕೆಲಸ ನನಗೆ ಅರ್ಥವಾದದ್ದು ಬ್ಯಾಂಕಿನ ಲೆಕ್ಕದಲ್ಲೇ. ಉದ್ದದ ಕೆಲಸವನ್ನು ಹಿನ್ನೆಲೆಯ ಥ್ರೆಡ್‌ಗೆ ಕೊಡದಿದ್ದರೆ ಪರದೆ ಮರಗಟ್ಟುತ್ತದೆ. ಆದರೆ ವಿಂಡೋಸ್ ಫಾರ್ಮ್ಸ್‌ನಲ್ಲಿ ಪರದೆಯ ಬಟನ್, ಪಟ್ಟಿಗಳನ್ನು ಮುಟ್ಟುವ ಹಕ್ಕು ಅವನ್ನು ಸೃಷ್ಟಿಸಿದ ಥ್ರೆಡ್‌ಗೆ ಮಾತ್ರ. ಹಿನ್ನೆಲೆಯದು 'ಬಿಗಿನ್‌ಇನ್ವೋಕ್' ಎಂಬ ಚೀಟಿ ಕಳಿಸಬೇಕು. ಸರದಿ ಬಂದಾಗ ಪರದೆಯ ಥ್ರೆಡ್ ತಾನೇ ಬರೆಯುತ್ತದೆ. 2005ರ ಡಾಟ್‌ನೆಟ್ 2.0ರಿಂದೀಚೆಗೆ, ಡಿಬಗ್ ಮಾಡುವಾಗ ನೇರ ಕೈಹಾಕಿದರೆ ಅಲ್ಲೇ ತಡೆದು ನಿಲ್ಲಿಸುತ್ತದೆ. ನಮ್ಮಲ್ಲೂ ಹಾಗೇ ಅಲ್ಲವೇ? ಕ್ಯಾಷಿಯರನ ಗಲ್ಲಾಪೆಟ್ಟಿಗೆಗೆ ಮ್ಯಾನೇಜರೂ ಕೈಹಾಕುತ್ತಿರಲಿಲ್ಲ, ವೋಚರ್ ಹೋಗಬೇಕಿತ್ತು.

ಧಾರವಾಡದಲ್ಲಿ ಅವ್ವನ ಜೊತೆ ಇರುವವನು ತಮ್ಮ. ಅವ್ವನ ಔಷಧಿ ಬಗ್ಗೆ ಏನಿದ್ದರೂ ನಾನು ಇಲ್ಲಿಂದ, ತಂಗಿ ಹೈದರಾಬಾದಿನಿಂದ, ಅವನಿಗೇ ಫೋನ್ ಮಾಡುತ್ತೇವೆ. ಮೂವರೂ ಮೂರು ಮಾತ್ರೆ ಹೇಳಿದರೆ ನುಂಗುವವಳು ಆಕೆ ತಾನೇ!