ಬಸ್ಸಿಗೆಂದೇ ಕಟ್ಟಿದ ಹೋಟೆಲು

ಮಹಾಬಳೇಶ್ವರದ ಆ ಹೋಟೆಲಿನ ಹೆಸರು ಇಲ್ಲಿ ಬರೆಯುವುದಿಲ್ಲ. ಪುಣೆ, ಮುಂಬೈಯಲ್ಲಿ ಹತ್ತಿಪ್ಪತ್ತು ವರ್ಷ ಕಳೆದವರು ಅಂಥದ್ದೊಂದರಲ್ಲಿ ಒಂದು ರಾತ್ರಿಯಾದರೂ ಮಲಗಿ ಎದ್ದಿರುತ್ತಾರೆ, ಹೆಸರು ಬೇಕಾಗಿಯೇ ಇಲ್ಲ. ಪೇಟೆಯಿಂದ ಸ್ವಲ್ಪ ಹೊರಗೆ. ಮುಂದೆ ನಾಲ್ಕೈದು ಬಸ್ಸು ಒಟ್ಟಿಗೆ ತಿರುಗುವಷ್ಟು ದೊಡ್ಡ ಅಂಗಳ. ಅಂಗಳದ ಮೂರು ಕಡೆ ಉದ್ದುದ್ದ ವರಾಂಡ, ವರಾಂಡಕ್ಕೆ ಬಾಗಿಲು ತೆರೆಯುವ ಒಂದೇ ಅಳತೆಯ ಕೋಣೆಗಳು. ಕೌಂಟರಿನ ಹಿಂದೆ ಕೀಲಿಗಳ ಹಲಗೆ, ಪ್ರತಿ ಕೀಲಿಗೂ ಜೇಬಿನಲ್ಲಿ ಹಿಡಿಯದಷ್ಟು ದೊಡ್ಡ ಹಿತ್ತಾಳೆ ಬಿಲ್ಲೆ. ಹದಿನಾಲ್ಕು ವರ್ಷಗಳಲ್ಲಿ ನಾನು ಮೂರು ಸಲ ಅಲ್ಲಿ ಉಳಿದಿದ್ದೇನೆ. ಮೂರು ಸಲವೂ ಬೇಜಾರಾಗಿಯೇ ಹೊರಬಂದೆ, ಆದರೆ ಒಂದೊಂದು ಸಲದ್ದು ಒಂದೊಂದು ಥರದ ಬೇಜಾರು.

ಮೊದಲ ಸಲ ಹೋದದ್ದು 2010ರ ಡಿಸೆಂಬರಿನಲ್ಲಿ, ಅಪ್ಪ-ಅವ್ವನನ್ನು ಕರೆದುಕೊಂಡು. ನಮ್ಮದು ಬಾಗಲಕೋಟೆ ಕಡೆಯ ಹಳ್ಳಿ. ಆಲಮಟ್ಟಿ ಹಿನ್ನೀರು ಏರಿದಾಗ ಹೊಲವೂ ಹೋಯಿತು, ಮನೆಯೂ ಹೋಯಿತು, ಊರು ಪುನರ್ವಸತಿ ಕೇಂದ್ರಕ್ಕೆ ಎದ್ದುಬಂತು. ಅಪ್ಪ ಅದರ ಬಗ್ಗೆ ಹೆಚ್ಚು ಮಾತಾಡುತ್ತಿರಲಿಲ್ಲ. ಪುಣೆಗೆ ಬಂದಾಗೊಮ್ಮೆ ಮಾತ್ರ, "ಕೃಷ್ಣಾ ಹುಟ್ಟೋ ಜಾಗಾ ಇಲ್ಲೇ ಎಲ್ಲೋ ಐತೆಂತಲ್ಲೋ ತಮ್ಮಾ? ನಮ್ಮ ಹೊಲಾ ಒಯ್ದಾಕಿ ಎಲ್ಲಿಂದ ಬರ್ತಾಳ, ಒಮ್ಮೆ ನೋಡಬೇಕು" ಅಂದಿದ್ದರು. ಪುಣೆಯಿಂದ ಸುಮಾರು 120 ಕಿಲೋಮೀಟರು. ವಾಯಿ ದಾಟಿ ಪಸರಣಿ ಘಾಟ್ ಹತ್ತಿ, ಪಂಚಗಣಿ ಮೇಲೆ ಹಾಯ್ದು ಹೋದರೆ ಆಯಿತು. ಹೆಂಡತಿಯ ಅಣ್ಣ ಕೋಣೆ ಕಾದಿರಿಸಿಕೊಟ್ಟರು. 'ಡೀಲಕ್ಸ್ ವ್ಯಾಲಿ ವ್ಯೂ.'

ಕಣಿವೆ ಇತ್ತು, ಇಲ್ಲವೆನ್ನಲಾರೆ. ಕಿಟಕಿಗೂ ಕಣಿವೆಗೂ ನಡುವೆ ಸೂರತ್, ರಾಜಕೋಟ್ ಕಡೆಯ ಮೂರು ಬಸ್ಸು ಇದ್ದವು, ಅಷ್ಟೇ. ಬೀಗ ತೆಗೆದ ಕೂಡಲೇ ಒಳಗಿನಿಂದ ಬಂದ ವಾಸನೆ ನನಗೆ ಇವತ್ತಿಗೂ ಮೂಗಿನಲ್ಲಿದೆ: ನೆನೆದ ಗೋಣಿಚೀಲ, ಅದರ ಮೇಲೆ ಡಾಂಬರು ಗುಳಿಗೆ, ಅದರ ಮೇಲೆ ರೂಮ್ ಫ್ರೆಶ್‌ನರ್. ಅವ್ವ ಹಾಸಿಗೆ ಮುಟ್ಟಿ ನೋಡಿ, "ಹಾಸಗಿ ಹಸಿ ಐತಿ ನೋಡೋ. ಯಾರರೆ ನೀರು ಚೆಲ್ಯಾರೇನು?" ಅಂದಳು.

ಯಾರೂ ಚೆಲ್ಲಿರಲಿಲ್ಲ. ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಅಲ್ಲಿಯ ಹಳೇ ಬಂಗಲೆಗಳಿಗೆ ಮಳೆಗಾಲಕ್ಕೆ ಮುಂಚೆ ಹುಲ್ಲಿನ ತಟ್ಟಿ ಹೊದಿಸುವ ಪದ್ಧತಿ ಇತ್ತು, ಗೋಡೆಗೇ ರೇನ್‌ಕೋಟ್ ತೊಡಿಸಿದ ಹಾಗೆ. ಜಂಬಿಟ್ಟಿಗೆ ಕಲ್ಲಿನ ಗೋಡೆ ನೀರು ಕುಡಿಯುತ್ತದೆ. ಸುಣ್ಣದ ಗಿಲಾವು ಇದ್ದರೆ ಕುಡಿದದ್ದನ್ನು ಚಳಿಗಾಲದಲ್ಲಿ ನಿಧಾನವಾಗಿ ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟು ಬಳಿದು ಆಯಿಲ್ ಪೇಂಟ್ ಹೊಡೆದರೆ ನೀರು ಒಳಗೇ ಉಳಿಯುತ್ತದೆ. ಬಣ್ಣ ಗುಳ್ಳೆ ಏಳುತ್ತದೆ, ಗುಳ್ಳೆ ಒಡೆದು ಪುಡಿ ಉದುರುತ್ತದೆ. ನಮ್ಮ ಮಂಚದ ತಲೆಯ ಮೇಲೆ ಅಂಥ ಒಂದು ಭೂಪಟವೇ ಇತ್ತು. ಕೋಣೆ ಬದಲಾಯಿಸಿ ಕೊಡಿ ಎಂದರೆ, "ಎಲ್ಲಾ ಹೀಗೇ ಇವೆ ಸಾಹೇಬ್" ಎಂಬ ಪ್ರಾಮಾಣಿಕ ಉತ್ತರ ಬಂತು.

ರಾತ್ರಿ ಎರಡು ಹೆಚ್ಚುವರಿ ಕಂಬಳಿ ಕೇಳಿದೆ, ಒಂದು ಬಂತು. ಬೆಳಗಿನ ಜಾವ ನಾಲ್ಕೂವರೆಗೆ ಬಸ್ಸಿನ ಎಂಜಿನ್ನು ಶುರುವಾದವು. ಐದಕ್ಕೆ ಆ ಮೂರೂ ಬಸ್ಸಿನವರ ಸ್ನಾನ. ಬಿಸಿನೀರು ಆರರಿಂದ ಒಂಬತ್ತು ಎಂದು ಬಾಗಿಲ ಹಿಂದೆ ಬರೆದಿತ್ತು, ಆದರೆ ಒಂದೇ ಬಾಯ್ಲರು, ಆರೂವರೆಗೆ ನಮ್ಮ ನಲ್ಲಿಯಲ್ಲಿ ಬಂದದ್ದು ಐಸು. "ಸಂಪಲಂ ಸಾಹೇಬ," ಮುಗಿಯಿತು, ಅಂದ ಹುಡುಗ. ಅಪ್ಪನಿಗೆ ಮೊದಲೇ ದಮ್ಮಿನ ತೊಂದರೆ. ಆ ಹಸಿ ಕೋಣೆಯಲ್ಲಿ ರಾತ್ರಿಯಿಡೀ ಕೆಮ್ಮಿ, ಬೆಳಗ್ಗೆ ಎದೆ ಸುಯ್ಗುಡತೊಡಗಿತು. ಕ್ಷೇತ್ರ ಮಹಾಬಳೇಶ್ವರ, ಅಂದರೆ ಕೃಷ್ಣಾ ಹುಟ್ಟುವ ದೇವಸ್ಥಾನ, ಅಲ್ಲಿಂದ ಬರೀ ಆರು ಕಿಲೋಮೀಟರು. ಅಲ್ಲಿಗೆ ಹೋಗುವ ಬದಲು ನಾವು ಡಾಕ್ಟರನ್ನು ಹುಡುಕಿ, ನೆಬ್ಯುಲೈಸರ್ ಹಾಕಿಸಿ, ಘಾಟ್ ಇಳಿದುಬಂದೆವು. "ಇನ್ನೊಮ್ಮೆ ಬರೂನು ಬಿಡು" ಅಂದರು ಅಪ್ಪ. 2012ರಲ್ಲಿ ತೀರಿಕೊಂಡರು. ಆ ಇನ್ನೊಮ್ಮೆ ಬರಲಿಲ್ಲ.

ಬಿಲ್ಲಿನಲ್ಲಿ ಕಂಬಳಿಗೆ ಬೇರೆ ದುಡ್ಡು ಹಾಕಿದ್ದರು ಎಂಬುದನ್ನೂ ಹೇಳಿಬಿಡುತ್ತೇನೆ.

ಎರಡನೆಯ ಸಲ, 2016ರಲ್ಲಿ, ಹೋದದ್ದು ಬಸ್ಸಿನಲ್ಲೇ. ನಮ್ಮ ಬಡಾವಣೆಯ ಕನ್ನಡ ಬಳಗದ ಪ್ರವಾಸ, ನಲವತ್ತೆರಡು ಜನ. ಹೋಟೆಲು ಯಾವುದೆಂದು ನನಗೆ ಗೊತ್ತಾದದ್ದು ಬಸ್ಸು ಆ ಅಂಗಳಕ್ಕೆ ತಿರುಗಿದಾಗ. ಆದರೆ ಬಸ್ಸಿನಿಂದ ಇಳಿದವನಿಗೆ ಅದು ಬೇರೆಯೇ ಹೋಟೆಲು. ಇಳಿಯುವಾಗಲೇ ಚಹಾ ತಯಾರಿತ್ತು. ಬಿಸಿನೀರಿನ ವಿಷಯವನ್ನು ನಮ್ಮ ಕಾರ್ಯದರ್ಶಿಗಳು ರಾತ್ರಿಯೇ ಮಾತಾಡಿದ್ದರು, ಐದಕ್ಕೆ ಹಬೆಯಾಡುವ ನೀರು. ಕೋಣೆ ಅದೇ, ವಾಸನೆ ಅದೇ, ಆದರೆ ಕೋಣೆಯಲ್ಲಿ ಯಾರಿದ್ದರು? ಹೆಂಗಸರೆಲ್ಲ ಒಂದು ಕೋಣೆಯಲ್ಲಿ ಡಬ್ಬಿ ಬಿಚ್ಚಿ ಕೂತರು: ಧಾರವಾಡದವರ ಶೇಂಗಾ ಹೋಳಿಗೆ, ಮೈಸೂರಿನವರ ಪುಳಿಯೋಗರೆ, ಮಂಗಳೂರಿನವರ ಗೋಳಿಬಜೆ ತಣ್ಣಗಾಗಿ ಚರ್ಮದ ಹಾಗಾಗಿತ್ತು, ಆದರೂ ಮೊದಲು ಖಾಲಿಯಾದದ್ದು ಅದೇ. ಗುಂಪಿನಲ್ಲಿ ಬಂದವರು ಮನೆಯನ್ನು ಜೊತೆಗೇ ತಂದಿರುತ್ತಾರೆ. ಅವರಿಗೆ ಹೋಟೆಲಿನಿಂದ ಬೇಕಾದ್ದು ಮಂಚ ಮತ್ತು ಪಾಯಿಖಾನೆ.

ಮ್ಯಾನೇಜರು ಕುಂದಾಪುರ ಕಡೆಯವರು. ಕಾರ್ಯದರ್ಶಿಗಳು ಲೆಕ್ಕ ಮುಗಿಸುವಾಗ ನಾನೂ ಪಕ್ಕದಲ್ಲಿದ್ದೆ. ಹಿಂದಿನ ಸಲದ ಕಥೆ ಹೇಳಿದೆ. ಅವರು ಸಿಟ್ಟಾಗಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ.

"ನೀವು ಕಾರಿನವ್ರು ಶನಿವಾರ ಬರ್ತ್ರಿ, ಹತ್ತು ದೂರು ಹೇಳ್ತ್ರಿ, ಆದಿತ್ಯವಾರ ಹೋಪ್ರಿ. ಸೋಮವಾರದಿಂದ ಗುರುವಾರ ತನಕ ಈ ಕೋಣೆಗಳಲ್ಲಿ ಯಾರು ಮಲಗುದು ಮಾರಾಯ್ರೆ? ಒಂದು ಫೋನಿಗೆ ಇಪ್ಪತ್ತು ರೂಮು ಹೋಪುದು ಬಸ್ಸಿನಿಂದ. ಅವ್ರು ಬೆಳಿಗ್ಗೆ ಏಳಕ್ಕೆ ಹೊರಟ್ರೆ ರಾತ್ರಿ ಒಂಬತ್ತಕ್ಕೆ ಬಪ್ಪುದು. ಗೋಡೆ ನೋಡುಕೆ ಪುರುಸೊತ್ತು ಎಲ್ಲಿದೆ ಅವ್ರಿಗೆ?"

ಡ್ರೈವರಿಗೂ ಟೂರಿನ ಮೇಲ್ವಿಚಾರಕನಿಗೂ ಊಟ-ವಸತಿ ಪುಕ್ಕಟೆ. ಡ್ರೈವರು ಖುಷಿಯಾಗಿದ್ದರೆ ಬಸ್ಸು ಮುಂದಿನ ವರ್ಷವೂ ಇಲ್ಲಿಗೇ ತಿರುಗುತ್ತದೆ. ರಿಪೇರಿಗೆ ಹಾಕುವ ದುಡ್ಡು ಅಂಗಳಕ್ಕೆ ಮತ್ತು ಅಡುಗೆಮನೆಗೆ ಮೊದಲು, ಗೋಡೆಗೆ ಕೊನೆಗೆ. ಇದು ಅವರ ಲೆಕ್ಕ, ಮತ್ತು ಲೆಕ್ಕ ತಪ್ಪಿರಲಿಲ್ಲ. ನನಗೆ ಸಮಾಧಾನವಾಯಿತೆ? ಇಲ್ಲ. ಇಪ್ಪತ್ತು ಕೋಣೆಯ ಬಸ್ಸು ತುಂಬಿಸಿ ಮಿಕ್ಕ ನಾಲ್ಕನ್ನು 'ವ್ಯಾಲಿ ವ್ಯೂ' ಎಂದು ನಮಗೆ ಮಾರುವಾಗ ಇದೇ ಲೆಕ್ಕವನ್ನು ಮೊದಲೇ ಹೇಳಬಹುದಿತ್ತು. ಆಗ ದುಪ್ಪಟ್ಟು ಬಾಡಿಗೆ ಯಾರು ಕೊಡುತ್ತಿದ್ದರು, ಅದು ಬೇರೆ ಮಾತು.

ಆ ರಾತ್ರಿ ಅಂಗಳದಲ್ಲಿ ಬೆಂಕಿ ಹಾಕಿ, ಸ್ಪೀಕರ್ ಕಟ್ಟಿ, ಅಂತ್ಯಾಕ್ಷರಿಯಿಂದ ಶುರುವಾದದ್ದು ಕುಣಿತಕ್ಕೆ ಮುಟ್ಟಿತು. ಹನ್ನೊಂದು ಗಂಟೆಗೆ ಮೂಲೆಯ ಕೋಣೆಯಿಂದ ಮಂಕಿ ಕ್ಯಾಪಿನ ಒಬ್ಬ ಮನುಷ್ಯ ಬಂದು, ಮಗು ಮಲಗುತ್ತಿಲ್ಲ, ಸ್ವಲ್ಪ ಕಡಿಮೆ ಮಾಡಿ ಎಂದು ಕೈಮುಗಿದ. ನಮ್ಮವರು ಒಳ್ಳೆಯವರು, ಕಡಿಮೆ ಮಾಡಿದರು, ಹತ್ತು ನಿಮಿಷ. ಆ ಕೋಣೆಯ ನಂಬರು ನನಗೆ ನೆನಪಿತ್ತು. 2010ರಲ್ಲಿ ನಮಗೆ ಕೊಟ್ಟಿದ್ದು ಅದನ್ನೇ.

ಮರುದಿನ ಒಂದೇ ದಿನಕ್ಕೆ ಏಳು 'ಪಾಯಿಂಟು.' ವಿಲ್ಸನ್ ಪಾಯಿಂಟಿನಲ್ಲಿ ಸೂರ್ಯ ಮೋಡದೊಳಗಿದ್ದ. ಕ್ಷೇತ್ರ ಮಹಾಬಳೇಶ್ವರಕ್ಕೆ ಕಾರ್ಯಕ್ರಮಪಟ್ಟಿಯಲ್ಲಿ ಇಪ್ಪತ್ತು ನಿಮಿಷ. ಅಷ್ಟರಲ್ಲಿ ಪಂಚಗಂಗಾ ಗುಡಿಯ ಸಾಲು ಅರ್ಧ ಮುಂದೆ ಹೋಗಿತ್ತು, ಬಸ್ಸಿನ ಹಾರ್ನ್ ಕೇಳಿಸಿತು, ಎಲ್ಲರೂ ಓಡಿದೆವು. ಮಾಪ್ರೊ ತೋಟದ ಸ್ಟ್ರಾಬೆರಿಗೆ ಮಾತ್ರ ಒಂದೂವರೆ ತಾಸು.

ಇಷ್ಟಾದ ಮೇಲೂ 2024ರ ಜನವರಿಯಲ್ಲಿ ಮೂರನೆಯ ಸಲ ಅಲ್ಲಿಗೇ ಹೋದೆವು, ಕಾರಣ ಅವ್ವನ ಮೊಣಕಾಲು. ಗುಡ್ಡದ ಊರಿನ ಚೆಂದದ ಹೋಟೆಲುಗಳೆಲ್ಲ ಮೆಟ್ಟಿಲ ಮೇಲೆ ಮೆಟ್ಟಿಲು. ಬಾಗಿಲ ತನಕ ಗಾಡಿ ಬರುವ, ಒಂದೂ ಮೆಟ್ಟಿಲಿಲ್ಲದ ಕೋಣೆ ಎಂದು ಹುಡುಕುತ್ತ ಹೋದರೆ ಕೊನೆಗೆ ಉಳಿದದ್ದು ಆ ವರಾಂಡವೇ. ಬಸ್ಸಿನಲ್ಲಿ ಬರುವವರಲ್ಲಿ ಅರ್ಧಕ್ಕರ್ಧ ಮುದುಕರು, ಅವರಿಗೆಂದೇ ಕಟ್ಟಿದ್ದು. ಒಪ್ಪಬೇಕು, ಇದೊಂದು ಸರಿಯಾಗಿತ್ತು.

ಹೋಟೆಲಿಗೆ ಹೊಸ ಮುಖ ಬಂದಿತ್ತು. ಲಾಬಿಗೆ ಫಾಲ್ಸ್ ಸೀಲಿಂಗು, ನೀಲಿ ಎಲ್‌ಇಡಿ, ನಿಂತು ಫೋಟೊ ತೆಗೆಸಿಕೊಳ್ಳಲು ಗೋಡೆಯ ಮೇಲೆ ಎರಡು ರೆಕ್ಕೆ. ಕೋಣೆಯಲ್ಲಿ ಬೂಸ್ಟು ಹಿಡಿದ ಗೋಡೆಗೆ ಅಡ್ಡವಾಗಿ ಮರದ ಬಣ್ಣದ ಪ್ಲಾಸ್ಟಿಕ್ ಹಲಗೆ ಹೊಡೆದಿದ್ದರು. ವಾಸನೆ ಹಲಗೆಯ ಸಂದಿಯಿಂದ ಬರುತ್ತಿತ್ತು. ಚಹಾದ ಕೆಟಲ್ ಇತ್ತು, ಅದರ ವೈರು ಮುಟ್ಟುವ ಪ್ಲಗ್ಗು ಬಚ್ಚಲುಮನೆಯ ಕನ್ನಡಿಯ ಪಕ್ಕ. ಅವ್ವ ಒಳಗೆ ಬಂದು ಎರಡು ಉಸಿರು ಎಳೆದಳು. "ನಿಮ್ಮಪ್ಪ ಕೆಮ್ಮಿದ ಖೋಲಿ ಇದಲ್ಲ?" ಅಂದಳು. ಅದಲ್ಲ, ಎರಡು ಬಾಗಿಲು ಆಚೆಯದು. ಹಾಸಿಗೆಯ ಮೇಲೆ ಊರಿಂದ ತಂದ ಕೌದಿ ಹಾಸಿಕೊಂಡು ಮಲಗಿದಳು. ಈ ಸಲ ನಾವು ಬಿಸಿನೀರಿಗೆ ಬಸ್ಸಿನವರಿಗಿಂತ ಮುಂಚೆ, ನಾಲ್ಕೂವರೆಗೇ ಎದ್ದೆವು.

ತಿಂಡಿಯ ಹಾಲಿನಲ್ಲಿ ಹಳದಿ ಪೋಹೆ ಗಟ್ಟಿಯಾಗಿತ್ತು, ಸಾಂಬಾರ್ ಎಂಬ ಹೆಸರಿನ ಸಿಹಿನೀರು ಇತ್ತು. ಅವ್ವ ಮುಟ್ಟಲಿಲ್ಲ. ಹಿಂದಿನ ಶೆಡ್ಡಿನಿಂದ ಸುಟ್ಟ ರೊಟ್ಟಿಯ ಪರಿಮಳ ಬಂತು. ಗುಜರಾತಿನ ಬಸ್ಸುಗಳು ಅಡುಗೆಯ ಮಹಾರಾಜನನ್ನೂ ಗ್ಯಾಸ್ ಸಿಲಿಂಡರನ್ನೂ ಜೊತೆಗೇ ತರುತ್ತವೆ, ಹೋಟೆಲಿನವರು ಒಂದು ಶೆಡ್ಡು ಬಿಟ್ಟುಕೊಡುತ್ತಾರೆ. ಅವ್ವ ಕೋಲೂರಿಕೊಂಡು ಅಲ್ಲಿಗೆ ಹೋಗಿ ನಿಂತಳು. ಮಹಾರಾಜ ಕೈಯಲ್ಲಿ ರೊಟ್ಟಿ ತಟ್ಟುತ್ತಿದ್ದ. "ಸಜ್ಜಿ ರೊಟ್ಟಿ!" ಅಂದಳು ಅವ್ವ. "ಬಾಜ್ರಿನೊ ರೋಟ್ಲೊ, ಬಾ," ಅಂದ ಆತ. ಗುಜರಾತಿಯಲ್ಲಿ ಬಾ ಎಂದರೆ ತಾಯಿ. ಅವ್ವ ಅದನ್ನು ಕನ್ನಡದ ಬಾ ಎಂದೇ ತಿಳಿದು ಒಳಗೆ ಹೋಗಿ ಕೂತಳು. ಬೆಣ್ಣೆ, ಬೆಲ್ಲ, ಹಸಿಮೆಣಸಿನಕಾಯಿ. ಎರಡು ರೊಟ್ಟಿ ತಿಂದಳು. ದುಡ್ಡು ಕೊಡಹೋದರೆ ಆತ ಕೈ ಅಡ್ಡ ಹಿಡಿದ. ಹೋಟೆಲಿಗೆ ತಿಂಡಿ ಸೇರಿಸಿ ಕೊಟ್ಟ ದುಡ್ಡು ಹೋಟೆಲಿಗೇ ಉಳಿಯಿತು.

ಏಳೂವರೆಗೆ ಕ್ಷೇತ್ರ ಮಹಾಬಳೇಶ್ವರದಲ್ಲಿದ್ದೆವು, ಬಸ್ಸುಗಳು ಇನ್ನೂ ಬಂದಿರಲಿಲ್ಲ. ಪಂಚಗಂಗಾ ಗುಡಿಯಲ್ಲಿ ಕೃಷ್ಣಾ, ಕೊಯ್ನಾ, ವೆಣ್ಣಾ, ಸಾವಿತ್ರಿ, ಗಾಯತ್ರಿ ಐದೂ ಹುಟ್ಟುತ್ತವೆ ಎಂಬ ನಂಬಿಕೆ. ಐದರ ನೀರೂ ಕೂಡಿ ಒಂದು ಕಲ್ಲಿನ ಗೋಮುಖದಿಂದ ಬೀಳುತ್ತದೆ. ಸಾವಿತ್ರಿ ಪಶ್ಚಿಮಕ್ಕೆ ಇಳಿದು ಅರಬ್ಬಿ ಸಮುದ್ರ ಸೇರುತ್ತಾಳೆ. ವೆಣ್ಣಾ ಸಾತಾರಾದ ಹತ್ತಿರ, ಕೊಯ್ನಾ ಕರಾಡದಲ್ಲಿ ಕೃಷ್ಣೆಯನ್ನು ಕೂಡಿಕೊಳ್ಳುತ್ತಾರೆ. ಆಮೇಲೆ ಸಾಂಗ್ಲಿ, ಆಮೇಲೆ ನಮ್ಮ ಕಡೆ. ಆಲಮಟ್ಟಿಯಲ್ಲಿ ಅದೇ ನೀರು 519.60 ಮೀಟರ್ ಮಟ್ಟಕ್ಕೆ ನಿಲ್ಲುತ್ತದೆ. ನಮ್ಮೂರಿನಲ್ಲಿ ಚಿಕ್ಕ ಮಕ್ಕಳಿಗೂ ಬಾಯಿಪಾಠವಾಗಿದ್ದ ಅಂಕಿ. ಇಲ್ಲಿ ಗೋಮುಖದಿಂದ ಬೀಳುತ್ತಿದ್ದದ್ದು ಹೆಚ್ಚೆಂದರೆ ಮನೆಯ ನಲ್ಲಿಯಷ್ಟು.

ಅವ್ವ ಬಹಳ ಹೊತ್ತು ನೋಡಿದಳು. "ಇಷ್ಟ ನೀರಿನ್ಯಾಗ ಮುಳಗೇತೇನು ನಮ್ಮ ಊರು?" ಅಂದಳು. ಆಮೇಲೆ ಕೈಯೊಡ್ಡಿ ಕುಡಿದಳು, ಬಾಟಲಿಗೂ ತುಂಬಿಸಿಕೊಂಡಳು.

ವಾಪಸು ಬಂದಾಗ ಒಂಬತ್ತೂ ಹತ್ತು. ಒಂಬತ್ತಕ್ಕೆ ಚೆಕ್ಔಟ್ ಎಂದು ನಮ್ಮ ಚೀಲಗಳನ್ನು ಹೊರತಂದು ವರಾಂಡದಲ್ಲಿ ಸಾಲಾಗಿ ಇಟ್ಟಿದ್ದರು, ಕೌದಿ ಮಡಿಚದೆ ಮೇಲೆ ಬಿಸಾಡಿತ್ತು. ಕೋಣೆಯ ಬಾಗಿಲು ತೆರೆದಿತ್ತು, ಹುಡುಗ ಫ್ರೆಶ್‌ನರ್ ಹೊಡೆಯುತ್ತಿದ್ದ. ಅಂಗಳದಲ್ಲಿ ಹೊಸ ಬಸ್ಸೊಂದು ಹಿಂದೆ ಹಿಂದೆ ಸರಿಯುತ್ತ ನಿಂತಿತು. ಮೊದಲು ಇಳಿದ ಅಜ್ಜಿಯೊಬ್ಬರು ಕಾಲು ನೋವೆಂದು ನಮ್ಮ ಚೀಲದ ಪಕ್ಕದಲ್ಲೇ ಕೂತರು. ಅವ್ವ ಕೌದಿ ಮಡಿಚಿ ಅವರ ಬೆನ್ನ ಹಿಂದೆ ಇಟ್ಟು, ನಾನು ಕಾರು ತರುವ ತನಕ ಅವರೊಡನೆ ಕನ್ನಡದಲ್ಲೇ ಮಾತಾಡುತ್ತ ಕೂತಿದ್ದಳು. ಆ ಅಜ್ಜಿ ಯಾವ ಊರಿನವರೆಂದು ಕೇಳಿದರೆ, "ಯಾರಿಗ್ಗೊತ್ತು? ಖೋಲಿ ಹಸಿ ಐತಿ, ಹಾಸಗಿ ಮ್ಯಾಲೆ ಏನರೆ ಹಾಸ್ಕೋರಿ ಅಂತ ಹೇಳೇನಿ" ಅಂದಳು.